ಯಾರೂ ವಾಪಸ್ ಕೇಳದ ಟೀವಿ

ಮದುವೆಯಾಗಿ ಬಂದ ಇಪ್ಪತ್ತಾರು ವರ್ಷಗಳಲ್ಲಿ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಟೀವಿ ಇಲ್ಲದ ದಿನ ಒಂದೂ ಇರಲಿಲ್ಲ. ಹಾಗೆಂದು ಅವಳದೇ ಎನ್ನುವ ಟೀವಿಯೂ ಇರಲಿಲ್ಲ.

ಚಿಕ್ಕಪ್ಪ ಟೀವಿ ರಿಪೇರಿಯವನು. ರಸ್ತೆಗೆ ತೆರೆದುಕೊಂಡ ಮುಂದಿನ ಕೋಣೆ ಅವನ ಅಂಗಡಿ, ಅದರ ಹಿಂದಿನದು ಸಂಸಾರದ ಕೋಣೆ, ಅದರಾಚೆ ಅಡುಗೆಮನೆ. ರಿಪೇರಿ ಮುಗಿದ ಸೆಟ್ಟನ್ನು ಅವನು ಕೂಡಲೇ ಕೊಟ್ಟು ಕಳಿಸುತ್ತಿರಲಿಲ್ಲ. ಒಳಗಿನ ಕೋಣೆಯ ಮೇಜಿನ ಮೇಲಿಟ್ಟು ಮೂರು ದಿನ ಓಡಿಸುತ್ತಿದ್ದ. ಸೆಟ್ಟು ನಿಜವಾಗಿ ಸರಿಹೋಗಿದೆಯೋ, ಸರಿಹೋದ ಹಾಗೆ ನಟಿಸುತ್ತಿದೆಯೋ ಎಂಬುದು ಅದು ಚೆನ್ನಾಗಿ ಬಿಸಿಯಾದ ಮೇಲಷ್ಟೇ ತಿಳಿಯುತ್ತದೆ ಎಂದು ಅವನ ನಂಬಿಕೆ. ನಂಬಿಕೆ ತಪ್ಪಲ್ಲ. ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ ತಣ್ಣಗಿರುವಾಗ ಅದು ಕೂಡಿಕೊಂಡಿರುತ್ತದೆ, ಕಾದಾಗ ಬಾಯಿಬಿಡುತ್ತದೆ.

ಆ ಮೂರು ದಿನ ಟೀವಿಯ ಮುಂದೆ ಕೂರುವ ಕೆಲಸ ಚಿಕ್ಕಮ್ಮನದು. ಕೂರುವುದೆಂದರೆ ಸುಮ್ಮನೆ ಅಲ್ಲ. ಅವಳ ಹೊಲಿಗೆ ಮಿಶಿನ್ನೂ ಅದೇ ಕೋಣೆಯಲ್ಲಿತ್ತು. ಶಾಲೆಯ ಸಮವಸ್ತ್ರ, ಆಸ್ಪತ್ರೆಯ ಹಾಸಿಗೆಗಳ ನಡುವೆ ಇಳಿಬಿಡುವ ಪರದೆ ಹೊಲಿಯುತ್ತಿದ್ದಳು. ಕಾಲು ಮಿಶಿನ್ನಿನ ಮೇಲೆ, ಒಂದು ಕಣ್ಣು ಬಟ್ಟೆಯ ಅಂಚಿನ ಮೇಲೆ, ಇನ್ನೊಂದು ಟೀವಿಯ ಮೇಲೆ. ಮೊದಮೊದಲು ಕತೆ ನೋಡುತ್ತಿದ್ದಳಂತೆ. ಆಮೇಲೆ ಕಣ್ಣು ತಾನಾಗಿಯೇ ಟೀವಿ ಪರದೆಯ ಮೂಲೆಗಳಿಗೆ ಹೋಗತೊಡಗಿತು. ಎಡಗಡೆ ಕೆಳಗೆ ಕೆಂಪು ಜಾಸ್ತಿ ಎನ್ನುವಳು. ಮುಕ್ಕಾಲು ಗಂಟೆಯಾದ ಮೇಲೆ ಒಳಗೆ ನೊಣ ಹೊಕ್ಕ ಹಾಗೆ ಸದ್ದು ಎನ್ನುವಳು. ಚಿಕ್ಕಪ್ಪ ಅವಳು ಹೇಳಿದ್ದನ್ನು ಹಾಗೆಹಾಗೆಯೇ ಚೀಟಿಯಲ್ಲಿ ಬರೆದುಕೊಂಡು ಸೆಟ್ಟನ್ನು ಮತ್ತೆ ಬಿಚ್ಚುತ್ತಿದ್ದ. ಅವಳು ಹೇಳಿದ್ದು ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿರುತ್ತಿತ್ತು. ಅವನ ರಿಪೇರಿಗೆ ಬಂದಿದ್ದ ಹೆಸರಿನಲ್ಲಿ ಅರ್ಧ ಅವಳದೆಂದು ಲೆಕ್ಕ ಹಾಕಿದರೆ ತಪ್ಪಾಗಲಾರದು.

ನಾಲ್ಕನೆಯ ದಿನ ಸೆಟ್ಟಿನವರು ಬರುತ್ತಿದ್ದರು. ಕತೆ ಎಲ್ಲಿಗೆ ಬಂದಿದೆ ಎಂಬುದಕ್ಕೂ ಅವರಿಗೂ ಸಂಬಂಧವಿಲ್ಲ. ಒಂದು ಧಾರಾವಾಹಿ ಎಂಟು ತಿಂಗಳು ನಡೆದು, ಕೊಲೆಗಾರ ಯಾರೆಂದು ತಿಳಿಯುವ ಸಂಜೆ ಬಂದಿತ್ತು. ಇನ್ನೇನು ಮುಸುಕು ತೆಗೆಯಬೇಕು ಎನ್ನುವಾಗ ಔಷಧಿ ಅಂಗಡಿಯವರು ಬಾಗಿಲಲ್ಲಿ ನಿಂತು, ಆಟೋ ಕಾಯುತ್ತಿದೆ ಎಂದರು. ಚಿಕ್ಕಪ್ಪ ಪ್ಲಗ್ ಕಿತ್ತ. ಆ ಕೊಲೆ ಮಾಡಿದ್ದು ಯಾರು ಎಂದು ಈಗ ಕೇಳಿದರೂ ಚಿಕ್ಕಮ್ಮ ಮುಖ ಗಂಟಿಕ್ಕಿಕೊಂಡು, ಔಷಧಿ ಅಂಗಡಿಯವರೇ ಇರಬೇಕು ಎನ್ನುತ್ತಾಳೆ.

ಚಿಕ್ಕಪ್ಪನಿಗೆ ಇದು ತಿಳಿಯದೆ ಇರಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಅವನಕ್ಕ, ಅಂದರೆ ನಮ್ಮ ಅತ್ತೆ, ಬಂದಾಗಲೆಲ್ಲ ಚುಚ್ಚುತ್ತಿದ್ದಳು. ಕಳೆದ ವರ್ಷ ಅವನು ಹಟ ಹಿಡಿದು ಹೆಂಡತಿಗೆಂದೇ ಒಂದು ಟೀವಿ ಕಟ್ಟಿದ. ವಕೀಲರೊಬ್ಬರ ಮನೆಯ ಟೀವಿಗೆ ಸಿಡಿಲು ಬಡಿದು ಒಳಗೆಲ್ಲ ಸುಟ್ಟು, ಪರದೆ ಮಾತ್ರ ಉಳಿದಿತ್ತು. ಕ್ಷೌರದಂಗಡಿಯ ಟೀವಿಯ ಪರದೆ ಒಡೆದು, ಒಳಗಿನ ಬೋರ್ಡು ಉಳಿದಿತ್ತು. ವಿದ್ಯಾರ್ಥಿ ನಿಲಯದ ಟೀವಿಯಲ್ಲಿ ಉಳಿದದ್ದು ಬೆನ್ನಿನ ಕವಚ ಮತ್ತು ಕಾಲು. ಮೂವರೂ ಬೇಡವೆಂದು ಬಿಟ್ಟುಹೋಗಿದ್ದ ಮಾಲು. ಒಂದರ ಬೋರ್ಡು ಇನ್ನೊಂದರ ಪರದೆಯ ಜೊತೆ ಹೊಂದಿಕೊಳ್ಳಲು ಎರಡು ತಿಂಗಳು ಹಿಡಿಯಿತು. ಕೊನೆಗೆ ಚಿತ್ರ ಬಂತು, ಆದರೆ ತಲೆಕೆಳಗಾಗಿ. ಅದನ್ನು ಸರಿಪಡಿಸುವ ಉಪಾಯ ಹೊಳೆಯುವತನಕ ನಾಲ್ಕು ದಿನ ಟೀವಿಯನ್ನೇ ತಲೆಕೆಳಗು ಮಾಡಿ, ಎರಡೂ ಬದಿಗೆ ದಿಂಬು ಒತ್ತಿ ನಿಲ್ಲಿಸಿದ್ದರು. ಸರಿಹೋದ ದಿನ ಚಿಕ್ಕಪ್ಪ, ಇದನ್ನು ಇನ್ನು ಯಾರೂ ಬಂದು ಒಯ್ಯುವುದಿಲ್ಲ ಎಂದ. ಚಿಕ್ಕಮ್ಮ ಸರಿ ಎಂದಳು.

ಎರಡು ವಾರ ಕಳೆದ ಮೇಲೆ ವಕೀಲರು ಬೇರೇನೋ ಕೆಲಸಕ್ಕೆ ಬಂದವರು ಒಳಗೆ ಇಣುಕಿ, ಇದು ನಮ್ಮ ಟೀವಿ ಅಲ್ಲವೇ ಎಂದು ಕೇಳಿದರು. ಅಂಚಿನಲ್ಲಿದ್ದ ಗೀರಿನ ಗುರುತು ಹಿಡಿದಿದ್ದರು. ಓಡುತ್ತದೆಯೇ ಎಂದರು. ಓಡುತ್ತದೆ ಎಂದು ತಿಳಿದ ಮೇಲೆ ನಕ್ಕು ಹೊರಟರು. ಆದರೆ ಹೋಗುವಾಗ ಎರಡು ಸಲ ತಿರುಗಿ ನೋಡಿದರು.

ಈ ನಡುವೆ ವಿದೇಶಕ್ಕೆ ಹೋಗುವ ಮಾತು ಬಂತು. ಕೆಲಸ ಸಿಕ್ಕಿದ್ದು ಚಿಕ್ಕಮ್ಮನಿಗೆ. ಅವಳು ಹೊಲಿದ ಆಸ್ಪತ್ರೆ ಪರದೆಗಳನ್ನು ಕೊಳ್ಳುತ್ತಿದ್ದ ಗುತ್ತಿಗೆದಾರನ ಮೂಲಕ, ಹೊರದೇಶದ ಕಾರ್ಖಾನೆಯೊಂದು ಹೊಲಿಗೆ ವಿಭಾಗ ನೋಡಿಕೊಳ್ಳಲು ಅನುಭವಸ್ಥರನ್ನು ಕೇಳಿತ್ತು. ಎರಡು ವರ್ಷದ ಕರಾರು, ಇರಲು ಎರಡು ಕೋಣೆಯ ಮನೆ, ಜೊತೆಗೆ ಗಂಡನೂ ಬರಬಹುದು. ಚಿಕ್ಕಪ್ಪನ ಅಂಗಡಿಗೆ ಆ ತಿಂಗಳು ಬಂದದ್ದು ಮೂರೇ ಸೆಟ್ಟು. ಜನ ಈಗ ಕೆಟ್ಟ ಟೀವಿಯನ್ನು ರಿಪೇರಿಗೆ ತರುವುದಿಲ್ಲ, ಗುಜರಿಗೆ ಹಾಕುತ್ತಾರೆ. ಅವನು ಒಂದು ದಿನ ಯೋಚಿಸಿ, ನಡಿ, ನಿನ್ನ ಸೂಜಿಗೆ ದಾರ ಪೋಣಿಸಿಕೊಡುತ್ತೇನೆ ಎಂದ.

ಎರಡು ಘನಮೀಟರಿನಷ್ಟು ಸಾಮಾನನ್ನು ಹಡಗಿನಲ್ಲಿ ಕಳಿಸುವ ಖರ್ಚು ಕಾರ್ಖಾನೆಯದು. ಹೊಲಿಗೆ ಮಿಶಿನ್, ಪಾತ್ರೆ, ಹಾಸಿಗೆ ಎಂದು ಪಟ್ಟಿ ಬೆಳೆಯುತ್ತ ಟೀವಿಯ ಹತ್ತಿರ ಬಂದು ನಿಂತಿತು. ಇಲ್ಲಿಂದ ಒಯ್ಯುವುದೋ, ಅಲ್ಲಿ ಕೊಳ್ಳುವುದೋ? ಚಿಕ್ಕಪ್ಪನಿಗೆ ಅದು ಪ್ರಶ್ನೆಯೇ ಅಲ್ಲ. ಒಯ್ಯುವುದೇ. ಆದರೂ ನಾನು ವಿಜ್ಞಾನ ಓದಿದವಳೆಂದು ಒಂದು ಮಾತು ಕೇಳಿದ.

ನಾನು ಒಂದು ಹಾಳೆಯಲ್ಲಿ ಗೆರೆ ಎಳೆದು ಎರಡು ಕಡೆಯೂ ಬರೆದೆ. ಟೀವಿಯ ತೂಕ ಹದಿನಾಲ್ಕು ಕೆಜಿ, ಮರದ ಪೆಟ್ಟಿಗೆ ಸೇರಿದರೆ ಇಪ್ಪತ್ತೇಳು. ಅಲ್ಲಿಯ ವಿದ್ಯುತ್ತಿನ ವೋಲ್ಟೇಜು ಕಡಿಮೆ, ಆದರೆ ಬೋರ್ಡಿನ ಮೇಲೆ ನೂರರಿಂದ ಇನ್ನೂರ ನಲವತ್ತರವರೆಗೆ ನಡೆಯುತ್ತದೆಂದು ಅಚ್ಚಾಗಿದೆ, ತೊಂದರೆಯಿಲ್ಲ. ಅಲ್ಲಿಯ ಪ್ರಸಾರದ ಪದ್ಧತಿ ಬೇರೆ, ಈ ಟೀವಿ ಅದನ್ನು ಹಿಡಿಯುವುದಿಲ್ಲ. ಹಡಗಿನಲ್ಲಿ ಐವತ್ತೆರಡು ದಿನ. ನಿಲ್ಲಿಸಿಯೇ ಸಾಗಿಸಬೇಕಾದ ಪರದೆಯನ್ನು ಯಾರೋ ಒಬ್ಬ ಎಲ್ಲೋ ಒಂದು ಕಡೆ ಮಲಗಿಸಿದರೂ ಬಿರುಕು ಬಿಡಬಹುದು. ಎರಡು ವರ್ಷದ ಮೇಲೆ ಮರಳಿ ತರುವ ಖರ್ಚು ಬೇರೆ. ಕೂಡಿ ನೋಡಿದರೆ ಅಲ್ಲೇ ಕೊಳ್ಳುವ ಕಡೆಗೆ ತಕ್ಕಡಿ ತುಸು ವಾಲುತ್ತಿತ್ತು.

ಚಿಕ್ಕಪ್ಪ ಒಂದೊಂದು ಸಾಲಿಗೂ ಒಂದೊಂದು ಉತ್ತರ ಕೊಟ್ಟ. ಪ್ರಸಾರ ಹಿಡಿಯದಿದ್ದರೆ ಇಂಟರ್ನೆಟ್ಟಿನ ಕಡ್ಡಿ ಸಿಕ್ಕಿಸಿದರಾಯಿತು. ಪೆಟ್ಟಿಗೆಯ ಒಳಗೆ ಥರ್ಮಾಕೋಲು ತಾನೇ ಕೊಯ್ದು ಕೂರಿಸುತ್ತಾನೆ. ಬಿರುಕು ಬಿಟ್ಟರೆ ಬೇರೆ ಪರದೆ ಹುಡುಕುತ್ತಾನೆ. ನಾನು ಹಾಳೆ ಮಡಚಿದೆ. ಚಿಕ್ಕಮ್ಮ ಅದೇ ಕೋಣೆಯಲ್ಲಿ ಆಸ್ಪತ್ರೆ ಪರದೆಯ ಅಂಚು ಮಡಚುತ್ತ ಕೂತಿದ್ದಳು. ಹಾಳೆಯಲ್ಲಿ ಹದಿಮೂರು ಸಾಲಿದ್ದವು. ನಿನಗೇನು ಬೇಕು ಎಂದು ಅವಳನ್ನು ಕೇಳಬೇಕೆಂದು ಅವನಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಮುಂದಿನ ವಾರ ಸಾಗಣೆ ಕಂಪನಿಯವನು ಅಳತೆ ಟೇಪು, ನಮೂನೆಯ ಪುಸ್ತಕ ಹಿಡಿದುಕೊಂಡು ಬಂದ. ತೆಳ್ಳಗಿನ, ತಾಳ್ಮೆಯ ಮನುಷ್ಯ. ಕುರ್ಚಿ, ಪಾತ್ರೆ, ಮಿಶಿನ್ ಎಲ್ಲ ಬರೆದುಕೊಂಡು ಮೂವತ್ತೊಂದನೆಯ ಸಾಲಿಗೆ ಟೀವಿಯ ಮುಂದೆ ನಿಂತ. ವಿದ್ಯುತ್ ಸಾಮಾನಾದರೆ ತಯಾರಿಸಿದ ಕಂಪನಿ, ಮಾದರಿ, ಸೀರಿಯಲ್ ನಂಬರು ಬೇಕು, ಬಂದರಿನ ಸುಂಕದವರು ನೋಡುತ್ತಾರೆ ಎಂದ. ಯಾವ ನಂಬರು ಎಂದು ಚಿಕ್ಕಪ್ಪ ಕೇಳಿದ. ಅವನು ಟೀವಿಯನ್ನು ತಿರುಗಿಸಿ ತೋರಿಸಿದ ಮೇಲೆ ಕಂಪನಿಯವನಿಗೆ ಪ್ರಶ್ನೆ ಅರ್ಥವಾಯಿತು. ಬೆನ್ನಿನ ಮೇಲೊಂದು ಚೀಟಿ, ಪರದೆಯ ಹಿಂದೊಂದು, ಬೋರ್ಡಿನ ಮೇಲೆ ಇನ್ನೊಂದು. ಮೂರು ನಂಬರು.

ಯಾವುದಾದರೂ ಒಂದು ಬರೆದರಾಯಿತು, ಯಾರು ಬಿಚ್ಚಿ ನೋಡುತ್ತಾರೆ ಎಂದು ಕಂಪನಿಯವನು ಸಲಹೆ ಕೊಟ್ಟ. ಅದು ಬೇರೆ ಮನೆಯಲ್ಲಾದರೆ ನಡೆಯುತ್ತಿತ್ತು. ಬದಲಿಸಿದ ಒಂದು ತಿರುಪಿನ ಲೆಕ್ಕವನ್ನೂ ಚೀಟಿಯಲ್ಲಿ ಬರೆದುಕೊಡುವ ಚಿಕ್ಕಪ್ಪನಿಗೆ, ಇಡೀ ಟೀವಿಗೆ ಬೆನ್ನಿನ ನಂಬರು ಕೊಡುವುದು ಹಸಿ ಸುಳ್ಳು. ಮೂರೂ ಬರೆಯಿರಿ ಎಂದ. ನಮೂನೆಯಲ್ಲಿ ಇದ್ದದ್ದು ಒಂದೇ ನಂಬರಿಗಾಗುವ ಹದಿನಾಲ್ಕು ಚೌಕ.

ಕಂಪನಿಯವನು ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ಮೆತ್ತಗೆ ಕೇಳಿದ, "ಹೋಗ್ಲಿ ಸಾರ್, ಇದು ಯಾರ ಟೀವಿ ಅಂತ ಬರ್ಕೊಳ್ಳಲಿ?"

ಚಿಕ್ಕಪ್ಪ ಶ್ರದ್ಧೆಯಿಂದ ಉತ್ತರ ಕೊಡತೊಡಗಿದ. ಪರದೆ ವಕೀಲರದು, ಬೋರ್ಡು ಕ್ಷೌರದಂಗಡಿಯದು, ಕವಚ ವಿದ್ಯಾರ್ಥಿ ನಿಲಯದ್ದು. ಹೊಲಿಗೆ ಮಿಶಿನ್ನಿನ ಸದ್ದು ನಿಂತಿತು.

"ಅದನ್ನ ಬರೀಬೇಡಿ," ಎಂದಳು ಚಿಕ್ಕಮ್ಮ. "ರೀ, ನಂಗೆ ಈ ಟೀವಿ ಬೇಡ."

ಚಿಕ್ಕಪ್ಪ ಅವಳತ್ತ ತಿರುಗಿದ. "ಯಾಕೆ? ಏನಾದ್ರೂ ಸದ್ದು ಬರ್ತಿದ್ಯಾ?"

"ಸದ್ದೂ ಇಲ್ಲ, ಏನೂ ಇಲ್ಲ. ಚೆನ್ನಾಗೇ ಇದೆ. ಇಷ್ಟು ವರ್ಷ ನಾನು ಟೀವಿ ನೋಡಿಲ್ಲ ಕಣ್ರೀ, ಟೀವಿ ಕಾಯಿಲೆ ನೋಡಿದೀನಿ. ಅಲ್ಲಿಗೆ ಹೋದ ಮೇಲೆ ಒಂದು ಹೊಸಾದು ತಗೋಬೇಕು. ಡಬ್ಬ ನಾನೇ ಒಡೀಬೇಕು. ನಮಗಿಂತ ಮುಂಚೆ ಅದು ಯಾರ ಮನೇದೂ ಆಗಿರಬಾರದು. ನೀವು ಅದರ ಬೆನ್ನು ಬಿಚ್ಚಬಾರದು."

"ಕೆಟ್ಟರೆ?"

"ಕೆಟ್ಟರೆ ಕೆಡಲಿ."

ಆ ಮನೆಯಲ್ಲಿ ಆ ಮಾತನ್ನು ಅಲ್ಲಿಯವರೆಗೆ ಯಾರೂ ಆಡಿರಲಿಲ್ಲ. ಕಂಪನಿಯವನು ಸೂರಿನ ಫ್ಯಾನಿನ ರೆಕ್ಕೆ ಎಣಿಸುವವನ ಹಾಗೆ ಮೇಲೆ ನೋಡುತ್ತ ನಿಂತ. ಚಿಕ್ಕಪ್ಪ ಟೀವಿಯ ಅಂಚಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿದ. ಆಮೇಲೆ ಮೂವತ್ತೊಂದನೆಯ ಸಾಲು ಹೊಡೆದುಹಾಕಿ ಎಂದು ಹೇಳಿ, ಟೀವಿಯನ್ನು ಎತ್ತಿಕೊಂಡು ಅಂಗಡಿಯ ಕೋಣೆಗೆ ಹೋದ.

ಅಲ್ಲಿಂದಲೇ, ಹಾಗಾದರೆ ತನ್ನ ಸಲಕರಣೆ ಪೆಟ್ಟಿಗೆಯೂ ಬೇಡವೇ ಎಂದು ಕೇಳಿದ. ದನಿ ಸಣ್ಣದಾಗಿತ್ತು. ಚಿಕ್ಕಮ್ಮ ಎದ್ದು ಬಾಗಿಲವರೆಗೆ ಹೋದಳು.

"ಪೆಟ್ಟಿಗೆ ಇಲ್ದೆ ನೀವು ಬಂದು ಏನು ಮಾಡ್ತೀರಿ? ಕಾರ್ಖಾನೇಲಿ ನಲವತ್ತು ಮಿಶಿನ್ ಇದಾವಂತೆ. ಕೆಡದೆ ಇರ್ತಾವಾ?"

ಸಲಕರಣೆ ಪೆಟ್ಟಿಗೆ ಮೂವತ್ತೊಂದನೆಯ ಸಾಲಾಯಿತು. ಟೀವಿಯನ್ನು ವಕೀಲರಿಗೇ ಕೊಟ್ಟುಬಿಟ್ಟರು. ಯಾವ ಭಾಗ ಯಾರದು ಎಂಬ ಚೀಟಿಯನ್ನೂ ಚಿಕ್ಕಪ್ಪ ಬೆನ್ನಿಗೆ ಅಂಟಿಸಿದ್ದ.

ಮುಂದಿನದು ನನಗೆ ಫೋನಿನಲ್ಲಿ ತಿಳಿದದ್ದು. ಅಲ್ಲಿಗೆ ಹೋಗಿ ಮೂರನೆಯ ವಾರ ಇಬ್ಬರೂ ಟೀವಿ ಅಂಗಡಿಗೆ ಹೋದರು. ಗೋಡೆಯ ತುಂಬ ಟೀವಿಗಳು, ಎಲ್ಲದರಲ್ಲೂ ಒಂದೇ ಮೀನು ಈಜುತ್ತಿತ್ತು. ಪ್ರದರ್ಶನಕ್ಕಿಟ್ಟದ್ದನ್ನು ಒಯ್ದರೆ ಬೆಲೆಯಲ್ಲಿ ರಿಯಾಯಿತಿ ಎಂದು ಅಂಗಡಿಯ ಹುಡುಗಿ ಹೇಳಿದಳು. ಇಷ್ಟು ಜನ ನೋಡಿದ್ದು ಬೇಡ ಎಂದು ಚಿಕ್ಕಮ್ಮ ಒಪ್ಪಲಿಲ್ಲ. ಮುಚ್ಚಿದ ಡಬ್ಬವೇ ಬಂತು. ಮನೆಯಲ್ಲಿ ದಾರ ಕತ್ತರಿಸುವ ಕತ್ತರಿಯಿಂದ ಅದರ ಅಂಟುಪಟ್ಟಿ ಸೀಳಿದಳು. ಪರದೆಯ ಮೇಲೆ ಅಂಟಿದ್ದ ತೆಳು ಹಾಳೆಯನ್ನು ಒಂದು ಮೂಲೆಯಿಂದ ಹಿಡಿದು, ನಿಧಾನವಾಗಿ ಸುಲಿಯಲು ಹತ್ತು ನಿಮಿಷ ತೆಗೆದುಕೊಂಡಳಂತೆ. ಚಿಕ್ಕಪ್ಪ ಆ ಹೊತ್ತು ಕೈ ಕಟ್ಟಿಕೊಂಡು ಕಿಟಕಿಯ ಹತ್ತಿರ ನಿಂತಿದ್ದ.

"ನಾಲ್ಕನೇ ದಿನ ಯಾರೂ ಬರಲಿಲ್ಲ ಪುಟ್ಟಿ," ಎಂದಳು ಚಿಕ್ಕಮ್ಮ. ಆಮೇಲೆ ಅಲ್ಲಿಯ ಚಳಿಯ ವಿಷಯಕ್ಕೆ ಹೋದಳು.

ಒಂದೂವರೆ ತಿಂಗಳ ಮೇಲೆ ಅವಳೇ ಫೋನ್ ಮಾಡಿದಳು. ಚಿಕ್ಕಪ್ಪ ಸ್ನಾನಕ್ಕೆ ಹೋಗಿದ್ದಾರೆ, ಬೇಗ ಹೇಳಿಬಿಡುತ್ತೇನೆ ಎಂದಳು. ಟೀವಿ ಹಾಕಿ ಒಂದು ಗಂಟೆಯಾದ ಮೇಲೆ ಒಳಗಿನಿಂದ ಸಣ್ಣಗೆ ಗುಂಯ್ ಎನ್ನುತ್ತದೆ. ಮೊದಲ ವಾರದಿಂದಲೂ ಇದೆ.

"ನಿಮ್ಮ ಚಿಕ್ಕಪ್ಪಂಗೆ ಕೇಳಿಸಿಲ್ಲ, ಕಿವಿ ಮಂದ ಆಗಿದೆ. ನೀನೂ ಹೊಟ್ಟೇಲೇ ಇಟ್ಕೋ. ಗೊತ್ತಾದ್ರೆ ಕೈ ತುರಿಸುತ್ತೆ ಅವರಿಗೆ. ಮಾತು ಕೊಟ್ಟಿದೀನಿ ಅಂತ ಬಿಚ್ಚೋದೂ ಇಲ್ಲ, ನಿದ್ದೇನೂ ಮಾಡಲ್ಲ."

ನಾಲ್ಕು ದಿನ ಬಿಟ್ಟು ಚಿಕ್ಕಪ್ಪನ ಫೋನು ಬಂತು, ಕಾರ್ಖಾನೆಯ ಊಟದ ಬಿಡುವಿನಲ್ಲಿ. ವಾರಕ್ಕೆ ಮೂರು ದಿನ ಹೊಲಿಗೆ ಮಿಶಿನ್ನುಗಳ ಮೋಟಾರು ನೋಡಲು ಅವನನ್ನು ಇಟ್ಟುಕೊಂಡಿದ್ದರು. ಆ ವಿಷಯವೆಲ್ಲ ಮುಗಿದ ಮೇಲೆ ದನಿ ತಗ್ಗಿಸಿದ. ಟೀವಿ ಗುಂಯ್ ಎನ್ನುತ್ತದೆ, ಒಂದು ಕೆಪಾಸಿಟರು ಬದಲಿಸುವ ಕೆಲಸ, ಹತ್ತು ನಿಮಿಷ ಸಾಕು ಎಂದ. ಕಂಪನಿಯ ಖಾತ್ರಿ ಇದೆಯಲ್ಲ, ಅವರನ್ನೇ ಕರೆಸಬಾರದೇ ಎಂದು ಕೇಳಿದೆ.

"ಅವರು ರಿಪೇರಿ ಮಾಡಲ್ಲ. ಬಂದು ಇದನ್ನ ಎತ್ತಿಕೊಂಡು ಹೋಗಿ ಬೇರೆ ಕೊಡ್ತಾರೆ. ಮತ್ತೆ ಯಾರೋ ಬಾಗಿಲಿಗೆ ಬಂದು ಒಯ್ದ ಹಾಗೆ ಆಗುತ್ತಲ್ಲ ಅವಳಿಗೆ. ಅವಳಿಗೆ ಗೊತ್ತಾಗಿಲ್ಲ, ಬಿಡು. ಮೊದಲಾಗಿದ್ರೆ ಒಂದೇ ನಿಮಿಷಕ್ಕೆ ಹಿಡೀತಿದ್ಲು. ಈಗ ಕತೆ ನೋಡ್ತಾಳೆ."

ಇಬ್ಬರ ಮಾತನ್ನೂ ನಾನು ಹೊಟ್ಟೆಯಲ್ಲೇ ಇಟ್ಟುಕೊಂಡೆ. ಆ ಸದ್ದು ಶುರುವಾದಾಗ ಅವನು ಏನು ಮಾಡುತ್ತಾನೆ ಎಂದು ಮಾತ್ರ ಕೇಳಿದೆ.

ಏನು ಮಾಡುವುದು, ನಾನೂ ಪಕ್ಕದಲ್ಲಿ ಕೂತು ನೋಡುತ್ತೇನೆ ಎಂದ. ಆಮೇಲೆ ಒಂದು ಧಾರಾವಾಹಿಯ ಹೆಸರು ಹೇಳಿ, ನೋಡುತ್ತಿದ್ದೀಯಾ ಎಂದು ಕೇಳಿದ. ಇಲ್ಲ ಎಂದೆ. ಊಟದ ಬಿಡುವಿನಲ್ಲಿ ಹನ್ನೊಂದು ನಿಮಿಷ ಉಳಿದಿತ್ತು. ಅಷ್ಟೂ ಹೊತ್ತು ಅವನು ನನಗೆ ಅದರ ಕತೆ ಹೇಳಿದ.