ನಿಮ್ಮ ಮನೆಯಲ್ಲಿ ಹೇಗೆ?

ಮ್ಯೂಸಿಯಮ್ಮಿನಲ್ಲಿ ನಾವಿಬ್ಬರು ಗೈಡುಗಳಿದ್ದೆವು, ನಾನು ಮತ್ತು ಹುಬ್ಬಳ್ಳಿಯ ರೈಲ್ವೆಯವರ ಮಗಳೊಬ್ಬಳು. ನನ್ನ ಜೊತೆ ಹೊರಟ ಜನ ಎರಡನೇ ಕೋಣೆಗೆ ಬರುವಷ್ಟರಲ್ಲಿ ಅವಳ ಗುಂಪು ಸೇರಿಕೊಂಡಿರುತ್ತಿದ್ದರು.

ಯಾವ ದೇವರು, ಯಾವ ಶತಮಾನ, ಯಾವ ಲೋಹ, ಎಲ್ಲವನ್ನೂ ನಾನು ತಪ್ಪಿಲ್ಲದೆ ಹೇಳುತ್ತಿದ್ದೆ. ಅವಳೋ, ಕನ್ನಡಕವನ್ನು ತಲೆಯ ಮೇಲಕ್ಕೆ ತಳ್ಳಿ, ಬಂದವರನ್ನೇ ಅವರವರ ಭಾಷೆಯಲ್ಲಿ, ಹೆಚ್ಚಾಗಿ ತಮಿಳಿನಲ್ಲಿ, ಕೇಳುತ್ತಿದ್ದಳು: "ಉಂಗ ವೀಟ್ಲ ಎಪ್ಪಡಿ?" ನಿಮ್ಮ ಮನೆಯಲ್ಲಿ ಹೇಗೆ? ಅಷ್ಟು ಸಾಕು. ಹಿತ್ತಾಳೆ ದೀಪದ ಮುಂದೆ ಬುರ್ಖಾ ತೊಟ್ಟ ಹುಡುಗಿಯರು ದರ್ಗಾದ ದೀಪದ ಕಥೆ ಹೇಳುವರು, ಜರ್ಮನಿಯಿಂದ ಬಂದ ಮುದುಕ ತನ್ನಜ್ಜಿ ಹಚ್ಚುತ್ತಿದ್ದ ಮೇಣದಬತ್ತಿಯದು. ಇದೇನು ಮಹಾ ವಿದ್ಯೆ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಭಾನುವಾರ ತ್ರಿಪ್ಲಿಕೇನಿನ ನಮ್ಮ ಮನೆಯಿಂದ ಅಮ್ಮನನ್ನು ಕರೆತಂದೆ. ನಮ್ಮ ಉಡುಪಿ ಕಡೆಯ ದೈವದ ಮುಖವಾಡದ ಮುಂದೆ ನಿಲ್ಲಿಸಿ ಎಲ್ಲವನ್ನೂ ವಿವರಿಸಿದೆ. ಅಮ್ಮ "ಹೂಂ" ಎಂದಳು. ಅಷ್ಟರಲ್ಲಿ ಬಂದಳು ನೋಡಿ, ಆ ಹುಬ್ಬಳ್ಳಿಯ ರೈಲ್ವೆಯವರ ಮಗಳು. ಕನ್ನಡಕ ಮೇಲೇರಿತು.

"ನಿಮ್ಮ ಮನ್ಯಾಗ ಹೆಂಗ್ರೀ ಅಮ್ಮಾ?"

"ನಮ್ಮಲ್ಲಿ ಹೀಗೆ ಗಾಜಿನೊಳಗೆ ಇಡುದಿಲ್ಲ ಮಗಾ, ಉಯ್ಯಾಲೆಯಲ್ಲಿ ಇಡುದು. ಸಣ್ಣದಿರುವಾಗ ನಾನು ಅದಕ್ಕೆ ಹತ್ತಿ ಕೂತು ಅಪ್ಪನ ಕೈಯಲ್ಲಿ ಪೆಟ್ಟು ತಿಂದಿದ್ದೇನೆ!"

ನನಗೆ ಅಮ್ಮ ಎಂದೂ ಹೇಳದ ಮಾತು. ಆಮೇಲೆ ಇಬ್ಬರೂ ಬೆಂಚಿನ ಮೇಲೆ ಕೂತುಬಿಟ್ಟರು. ದೂರದಲ್ಲಿ ನಿಂತ ನನಗೆ ಅವರ ನಗು ಮಾತ್ರ ಕೇಳುತ್ತಿತ್ತು.

ವಾಪಸು ಬರುವಾಗ ಆಟೋದಲ್ಲಿ ತಡೆಯಲಾರದೆ ಕೇಳಿದೆ: "ಅವಳಿಗೆ ಅಷ್ಟು ಹೊತ್ತು ಏನಮ್ಮ ಹೇಳಿದ್ದು?"

ಅಮ್ಮ ಆಕಳಿಸಿದಳು. "ಮಾತಾಡಿ ಮಾತಾಡಿ ಗಂಟಲು ಒಣಗಿದೆ ಮಾರಾಯ. ನಾಳೆ ಅವಳನ್ನೇ ಕೇಳು."