ಅಂಗಳಕ್ಕೆ ಬಿದ್ದ ಮೀನು

ಮಳೆಗಾಲ ಬಂತೆಂದರೆ ಆರ್.ಟಿ. ನಗರದ ನಮ್ಮ ಮನೆಯಂಗಳಕ್ಕೆ ಮೀನು ಬೀಳುತ್ತಿತ್ತು. ಸುಳ್ಳಲ್ಲ. ಗೇಟಿನ ಪಕ್ಕದ ದೊಡ್ಡ ಮಳೆಮರದಲ್ಲಿ ಬಕಪಕ್ಷಿಗಳು ಗೂಡು ಕಟ್ಟಿದ್ದವು. ಬೂದು ಮೈ, ಕಪ್ಪು ಬೆನ್ನು, ಕೆಂಪು ಕಣ್ಣು. ಮಬ್ಬುಗತ್ತಲಾದರೆ ಹೆಬ್ಬಾಳದ ಕೆರೆಗೆ ಹಾರುತ್ತಿದ್ದವು. ಗಂಟಲ ತುಂಬ ಮೀನು ತುಂಬಿಕೊಂಡು ಬಂದು ಮರಿಗಳ ಬಾಯಿಗೆ ಕಕ್ಕುತ್ತಿದ್ದವು. ಮರಿಗಳ ಕಿತ್ತಾಟದಲ್ಲಿ ಅರ್ಧ ಕೆಳಕ್ಕೆ ಬೀಳುತ್ತಿತ್ತು. ಒಮ್ಮೊಮ್ಮೆ ಸೋತ ಮರಿಯೇ ಬೀಳುತ್ತಿತ್ತು. ಬೆಳಿಗ್ಗೆ ರಂಗೋಲಿ ಇಡಲು ಅಮ್ಮ ಬಾಗಿಲು ತೆಗೆದರೆ ತುಳಸಿಕಟ್ಟೆಯ ಮೇಲೊಂದು ಮೀನು ಬಾಯಿ ಬಿಟ್ಟುಕೊಂಡು ಬಿದ್ದಿರುತ್ತಿತ್ತು.

ನಮ್ಮದು ಏಕಾದಶಿ ಬಂದರೆ ಈರುಳ್ಳಿಯ ಬುಟ್ಟಿಯನ್ನೂ ಹಿತ್ತಲಿಗೆ ಕಳಿಸುವ ಮನೆ. ಇದ್ದದ್ದು ಅಮ್ಮ, ನಾನು ಇಬ್ಬರೇ. "ಇವುಗಳ ಮನೆ ಹಾಳಾಗ!" ಎಂದು ಶಪಿಸುತ್ತ ಅಮ್ಮ ಕಡ್ಡಿಪೊರಕೆಯಿಂದ ಮೀನನ್ನು ಗೇಟಿನಾಚೆ ತಳ್ಳುತ್ತಿದ್ದಳು. ಬೆಕ್ಕು ಅಲ್ಲೇ ಕಾದಿರುತ್ತಿತ್ತು. ಬೆಕ್ಕು ಬಿಟ್ಟದ್ದನ್ನು ಇರುವೆಗಳು ಮುಗಿಸುತ್ತಿದ್ದವು.

ನನಗೆ ಅವಳನ್ನು ಕೆಣಕುವ ಚಟ. "ಅಮ್ಮ, ನಮ್ಮ ಬಚ್ಚಲ ನೀರು ರಾಜಕಾಲುವೆ ಹಿಡ್ಕೊಂಡು ಕೆರೆಗೇ ಹೋಗೋದು. ಅದ್ರಲ್ಲಿ ಪಾಚಿ ಬೆಳೆಯತ್ತೆ, ಪಾಚಿ ತಿಂದು ಮೀನು, ಮೀನು ತಿಂದು ಹಕ್ಕಿ. ಹಕ್ಕಿ ಹಿಕ್ಕೆ ಬಿದ್ದೇ ನಿನ್ನ ಕರಿಬೇವು ಇಷ್ಟು ಸೊಂಪಾಗಿರೋದು. ನಿನ್ನ ಒಗ್ಗರಣೇಲಿ ಕೆರೆ ಮೀನಿದೆ ಗೊತ್ತಾ?"

"ಮುಚ್ಚೇ ಬಾಯಿ! ಮಡೀಲಿದೀನಿ!"

ಎರಡು ಸಾವಿರದ ಹನ್ನೊಂದೋ ಹನ್ನೆರಡೋ ಇರಬೇಕು, ಎದುರು ಮನೆಯವರು ಹೊಸ ಕಾರು ತಂದರು. ಹಿಕ್ಕೆ ಬಿದ್ದು ಬಣ್ಣ ಕೆಡುತ್ತದೆಂದು ಕೊಂಬೆ ಕಡಿಯಲು ಆಳುಗಳನ್ನು ಕರೆಸಿದರು. "ಕಡಿಸಿ, ಪೀಡೆ ತೊಲಗ್ಲಿ" ಎಂದು ಅಮ್ಮನೂ ದನಿಗೂಡಿಸಿದಳು. ಗೂಡುಗಳಲ್ಲಿ ಮರಿಗಳಿವೆಯೇ ಎಂದು ಒಬ್ಬರೂ ಕತ್ತೆತ್ತಿ ನೋಡಲಿಲ್ಲ.

ಮಧ್ಯಾಹ್ನ ಮೊದಲ ಕೊಂಬೆ ಬಿತ್ತು. ಅದರ ಜೊತೆ ಮರಿಗಳು ಧಪಧಪನೆ ಡಾಂಬರಿನ ಮೇಲೆ ಬಿದ್ದವು. ಕೆಲವು ಬಿದ್ದಲ್ಲೇ ಒಡೆದವು. ಒಡೆದ ಹೊಟ್ಟೆಯಿಂದ ಇನ್ನೂ ಅರಗದ ಮೀನು ಹೊರಗೆ ಬಂದಿತ್ತು. ಕಾಗೆಗಳು ಬಂದು ಜೀವವಿದ್ದ ಮರಿಗಳ ಕಣ್ಣು ಕುಕ್ಕಿದವು. ಹದ್ದುಗಳು ಎರಗಿ ಎತ್ತಿಕೊಂಡು ಹೋದವು. ಕೋಳಿ ಅಂಗಡಿಯ ಮೂಲೆಯಿಂದ ನಾಯಿಗಳು ಓಡಿ ಬಂದು ಒಂದೇ ಮರಿಯನ್ನು ಎರಡು ಕಡೆಯಿಂದ ಎಳೆದವು. ಮರದ ಮೇಲೆ ತಾಯಿಹಕ್ಕಿಗಳು ಕಿರುಚುತ್ತಿದ್ದವು. ಗರಗಸ ಮಾತ್ರ ನಿಲ್ಲಲಿಲ್ಲ.

ನನಗೆ ಪಿತ್ತ ನೆತ್ತಿಗೇರಿತು. "ನಿಲ್ಸ್ರೀ! ಏನ್ರೀ, ಕಣ್ಣು ಕಾಣ್ಸಲ್ವೇನ್ರೀ ನಿಮ್ಗೆ?"

ಎದುರು ಮನೆಯವರು ಮೂಗಿಗೆ ಕರ್ಚೀಫು ಹಿಡಿದು, "ಹಕ್ಕಿ ತಾನೇ ಬಿಡಿ ಮೇಡಂ" ಎಂದರು.

ಅದೆಲ್ಲಿತ್ತೋ ಆವೇಶ, ಕಾಲ ಬಳಿ ಬಿದ್ದಿದ್ದ ಮೀನನ್ನು ಬರಿಗೈಯಲ್ಲಿ ಎತ್ತಿ ಅವರ ಕಾರಿನ ಗಾಜಿಗೆ ಬೀಸಿ ಹೊಡೆದೆ. ಜೀವಮಾನದಲ್ಲಿ ನಾನು ಮುಟ್ಟಿದ ಮೊದಲ ಮೀನು ಅದು.

ತಿರುಗಿ ನೋಡಿದರೆ ಅಮ್ಮ ಬೀದಿಯಲ್ಲಿದ್ದಳು. ಕಡ್ಡಿಪೊರಕೆ ಹಿಡಿದು ನಾಯಿಯ ಮೂತಿಗೆ ರಪರಪ ಬಾರಿಸುತ್ತಿದ್ದಳು. ಅದು ಕೈ ಕಚ್ಚಲು ಬಂದರೂ ಬಿಡಲಿಲ್ಲ. ಕಾಗೆ, ನಾಯಿಗಳ ನಡುವಿನಿಂದ ಎರಡು ಮರಿಗಳನ್ನು ಸೆರಗಿಗೆ ಬಾಚಿಕೊಂಡಳು. ಭಯಕ್ಕೆ ಒಂದು ಮರಿ ಅವಳ ಎದೆಯ ಮೇಲೇ ಮೀನು ಕಕ್ಕಿತು. ಅಮ್ಮ ಮುಖ ಕಿವುಚಿದಳು, ಕೆಳಗೆ ಹಾಕಲಿಲ್ಲ.

ಹಿತ್ತಲ ಬಚ್ಚಲಲ್ಲಿ ಬುಟ್ಟಿಯಿಟ್ಟು ಎರಡನ್ನೂ ಕೂರಿಸಿದಳು. ಒಂದು ದೊಡ್ಡೋನು, ಒಂದು ಚಿಕ್ಕೋನು. ಹೇಗಾದರೂ ಇವೆರಡನ್ನು ಬದುಕಿಸಬೇಕೆಂದು ಅಮ್ಮನಿಗೆ ಹಟ ಬಂತು. ಬದುಕಿಸಲು ಏನು ಕೊಟ್ಟಳು ಅಂತೀರಿ? ಮೊಸರನ್ನ! ಮೆತ್ತಗೆ ಕಲಸಿ, ಉಪ್ಪು ಹಾಕದೆ, ಉಂಡೆ ಮಾಡಿ ಕೊಕ್ಕಿಗೆ ತುರುಕಿದಳು. ಅವು ತಲೆ ಕೊಡವಿ ಗೋಡೆಗೆಲ್ಲ ಎರಚಿದವು. ಹಾಲನ್ನವನ್ನೂ ಉಗುಳಿದವು.

"ಅಮ್ಮ, ಅವು ಮೀನು ತಿನ್ನೋವು."

"ಗೊತ್ತು ಕಣೇ. ಹಸಿವಾದ್ರೆ ತಾವಾಗೇ ತಿನ್ನತ್ವೆ ಸುಮ್ನಿರು."

ತಿನ್ನಲಿಲ್ಲ. ಮರುದಿನಕ್ಕೆ ಚಿಕ್ಕೋನ ಕುತ್ತಿಗೆ ನಿಲ್ಲದಾಯಿತು. ಅಮ್ಮ ಅನ್ನದ ಬಟ್ಟಲು ಬದಿಗಿಟ್ಟು, "ನಡಿ, ಸ್ಕೂಟರ್ ತೆಗಿ" ಎಂದಳು.

ಕೆರೆಯ ಹತ್ತಿರ ಒಬ್ಬ ಮೀನು ಹಿಡಿದು ಅಲ್ಲೇ ಮಾರುತ್ತಿದ್ದ. ಅಮ್ಮ ಮೂಗು ಮುಚ್ಚಿಕೊಂಡು, "ಎಳೇದು ನೋಡಿ ಕೊಡಪ್ಪ, ಬಲಿತಿರೋದು ಬೇಡ" ಎಂದಳು. ಬೆಂಡೆಕಾಯಿಯವನ ಹತ್ತಿರ ಹೇಳುವ ಮಾತು!

ಅವನು ನಕ್ಕ. "ಯಾರ್ಗಮ್ಮ, ಬೆಕ್ಕಿಗಾ?"

"ಮನೇಲಿ ಎರಡು ಮಕ್ಕಳಿವೆ" ಎಂದಳು ಅಮ್ಮ.

ಅಂದಿನಿಂದ ಬೆಳಿಗ್ಗೆ ಮೊದಲ ಕೆಲಸ ಮೀನು ತರುವುದು. ನಾನು ಮುಂದೆ ಹೋದರೆ, "ನನ್ನ ಮಡಿ ಕೆಟ್ಟಿದ್ದು ಕೆಟ್ಟಾಯ್ತು, ನೀನ್ ಮುಟ್ಬೇಡ" ಎಂದು ತಾನೇ ತಿನ್ನಿಸಿ, ತಲೆಗೆ ನೀರು ಹುಯ್ದುಕೊಂಡು ಒಳಗೆ ಬರುತ್ತಿದ್ದಳು. ದೊಡ್ಡೋನು ಅವಳ ಅಂಗೈಯನ್ನು ಕೊಕ್ಕಿನಿಂದ ಸೀಳಿದ. ರಕ್ತ ಸುರಿಯುವ ಕೈಯಲ್ಲೇ ಚಿಕ್ಕೋನಿಗೂ ತಿನ್ನಿಸಿದಳು. ಎರಡಕ್ಕೂ ಗರಿ ಮೂಡತೊಡಗಿತು; ಆದರೂ ಚಿಕ್ಕೋನು ದೊಡ್ಡೋನ ಅರ್ಧದಷ್ಟೂ ಇರಲಿಲ್ಲ. ಚಿಕ್ಕೋನು ಅಮ್ಮನ ಹೆಜ್ಜೆ ಸಪ್ಪಳಕ್ಕೇ ಎದ್ದು ನಿಲ್ಲುತ್ತಿದ್ದ. "ನೋಡೇ, ನನ್ನ ಗುರುತು ಹಿಡಿಯತ್ತೆ!" ಎಂದು ಅವಳಿಗೆ ಸಂಭ್ರಮವೋ ಸಂಭ್ರಮ.

ಆಮೇಲೊಂದು ಸಂಜೆ ಮಳೆ ಚಚ್ಚಿತು. ಊರ ಕೊಳಚೆಯೆಲ್ಲ ಕೆರೆಗೆ ನುಗ್ಗಿತು. ಬೆಳಿಗ್ಗೆ ನೋಡಿದರೆ ದಡದುದ್ದಕ್ಕೂ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಮೀನಿನವನು ಬಲೆ ಮಡಿಸುತ್ತ, "ಇದ್ನ ತಿನ್ನಿಸ್ಬ್ಯಾಡಿ ಕಣಮ್ಮ, ಇಸ ಐತೆ" ಎಂದ. ಬರಿಗೈಯಲ್ಲಿ ಬಂದೆವು. ಮಾರನೆಯ ದಿನ ಅವನೂ ಇರಲಿಲ್ಲ. ಮೀನಿನಂಗಡಿ ಕಂಡರೆ ರಸ್ತೆ ದಾಟಿ ಆ ಕಡೆ ನಡೆಯುತ್ತಿದ್ದವರು ನಾವು; ಬೇರೆಲ್ಲಿ ಸಿಗುತ್ತದೆಂದು ತಲೆಗೇ ಹೊಳೆಯಲಿಲ್ಲ. ಅಮ್ಮ ಮತ್ತೆ ಮೊಸರನ್ನ ಕಲಸಿದಳು.

ಸಂಜೆ ಆಫೀಸಿನಿಂದ ಬಂದಾಗ ಬಚ್ಚಲ ಕಡೆಯಿಂದ ಅಮ್ಮ ಚೀರಿದ್ದು ಕೇಳಿಸಿತು. ಓಡಿದೆ. ಬುಟ್ಟಿ ಮಗುಚಿ ಬಿದ್ದಿತ್ತು. ದೊಡ್ಡೋನು ಚಿಕ್ಕೋನ ತಲೆಯನ್ನು ಕುಕ್ಕಿ ಕುಕ್ಕಿ ಕೊಂದಿದ್ದ. ಈಗ ಆ ತಲೆಯನ್ನೇ ಗಂಟಲಿಗಿಳಿಸಿಕೊಂಡು ಮಿಕ್ಕ ಮೈಯನ್ನು ನುಂಗಲು ಒದ್ದಾಡುತ್ತಿದ್ದ. ಕೊಕ್ಕಿನಿಂದ ಎರಡು ಕಾಲು ಜೋತಾಡುತ್ತಿದ್ದವು. ಬಚ್ಚಲ ಕಲ್ಲಿನ ಮೇಲೆ ರಕ್ತ, ಅದರ ಪಕ್ಕದಲ್ಲಿ ಮೊಸರನ್ನ.

ನಾನು ಬಚ್ಚಲ ನೀರೊಲೆಯ ಸೌದೆ ಎತ್ತಿದೆ. ಒಂದೇ ಏಟಿಗೆ ಅದರ ತಲೆ ಜಜ್ಜಬೇಕು ಅನ್ನಿಸಿತ್ತು. ಅಮ್ಮ ನನ್ನ ರಟ್ಟೆ ಹಿಡಿದಳು.

"ಹೊಡೀಬೇಡ್ವೇ."

"ಅಮ್ಮ, ಅದು ಒಡಹುಟ್ಟಿದ್ದನ್ನೇ ತಿಂತಿದೆ!"

"ತಿನ್ಲಿ ಬಿಡು. ನಾವು ಹಾಕ್ಲಿಲ್ವಲ್ಲ." ಇಷ್ಟು ಹೇಳಿ ಕಲ್ಲಿನ ಮೇಲೆ ಕುಸಿದು ಕೂತು, ಸೆರಗು ಬಾಯಿಗೆ ತುರುಕಿಕೊಂಡು ಬಿಕ್ಕಿಬಿಕ್ಕಿ ಅತ್ತಳು.

ಮರುದಿನ ನಾನು ಏಳುವಷ್ಟರಲ್ಲಿ ಅಮ್ಮ ಮನೆಯಲ್ಲಿರಲಿಲ್ಲ. ಯಾರನ್ನು ಕೇಳಿದಳೋ, ಯಶವಂತಪುರದ ಬಸ್ಸು ಹತ್ತಿ ಹೋಗಿ, ಚೀಲದ ತುಂಬ ಮೀನು ಹಿಡಿದು ಬಂದಳು. ಸೀದಾ ಬಚ್ಚಲಿಗೆ ಹೋಗಿ ದೊಡ್ಡೋನ ಮುಂದೆ ಕೂತಳು. ಅದು ಬಾಯಿ ತೆರೆಯಿತು. ಒಂದೊಂದೇ ಮೀನು ಇಡುತ್ತ ಅಮ್ಮ ಹೇಳುತ್ತಿದ್ದಳು: "ತಿನ್ನೋ ಪಾಪಿ, ತಿನ್ನು. ಇನ್ಮೇಲೆ ಇಬ್ಬರ ಪಾಲೂ ನಿಂದೇ."