ಮೂರು ದಿನದಜ್ಜಿಯ ಉಬ್ಬಿದ ಕೆನ್ನೆ

ಬೇರು-ನಾರು ಮಾರುವ ಗ್ರಂಥಿಗೆ ಅಂಗಡಿಯ ಮುದುಕಿಗೆ ಬೀದಿಯವರು ಇಟ್ಟ ಹೆಸರು ಮೂರು ದಿನದಜ್ಜಿ. ಕೆಮ್ಮೆಂದು ಬಂದವರ ಕೈಗೆ ಬೆರಳುದ್ದದ ಜೇಷ್ಠಮಧುವಿನ ಕಡ್ಡಿ ಕೊಟ್ಟು, "ಸ್ವಲ್ಪ ಸ್ವಲ್ಪ ಚೀಪು. ಮೂರೇ ದಿನ. ಆಮೇಲೂ ಕೆಮ್ಮಿದ್ರೆ ಡಾಕ್ಟ್ರ ಹತ್ರ ಹೋಗು, ನನ್ನ ತಲೆ ತಿನ್ಬೇಡ" ಎನ್ನುವಳು. ಕೊಡುವ ಮುಂಚೆ ಪೊಲೀಸರನ್ನೂ ಮೀರಿಸುವ ವಿಚಾರಣೆ: "ಬೀಪಿ ಇದೆಯಾ? ಹೃದಯದ್ದೋ ಕಿಡ್ನಿದೋ ತೊಂದ್ರೆ ಇದೆಯಾ? ಬಸುರಿಯಾ?" ಮೀಸೆ ಹೊತ್ತ ಲಾರಿ ಡ್ರೈವರನಿಗೂ ಕೊನೆಯ ಪ್ರಶ್ನೆ ತಪ್ಪಲಿಲ್ಲ. ಪಾಪ, ಅವನು ಒಂದು ಗಳಿಗೆ ಯೋಚಿಸಿ "ಇಲ್ಲಮ್ಮ" ಎಂದ.

ಇಂಥ ಅಜ್ಜಿಗೇ ಬೀಪಿ ಏರಿ ಕೂತಿತು. ಪಾದಗಳು ಊದಿದವು. ಡಾಕ್ಟರು ಎರಡು ಸಲ ಮಾತ್ರೆ ಹೆಚ್ಚಿಸಿದರೂ ಬೀಪಿ ಜಪ್ಪಯ್ಯ ಎಂದರೂ ಇಳಿಯಲಿಲ್ಲ. "ಹೀಗೇ ಆದ್ರೆ ಅಂಗಡಿ ಬಿಟ್ಟು ಮನೇಲಿರ್ಬೇಕಾಗುತ್ತೆ" ಎಂದರು.

ಅಜ್ಜಿ ಬಿಟ್ಟರೆ ಅಂಗಡಿಯ ಸ್ಟೂಲಿನ ಮೇಲೆ ಕೂರುವವಳು ಸೊಸೆ. ಎಂಟು ವರ್ಷದಿಂದ ಪಕ್ಕದಲ್ಲೇ ನಿಂತು ಪೊಟ್ಟಣ ಕಟ್ಟುತ್ತಿದ್ದರೂ, ಅಜ್ಜಿಯ ಪ್ರಕಾರ ಅವಳಿಗೆ ಬೇರು ಯಾವುದು, ಸೌದೆ ಯಾವುದು ಗೊತ್ತಿಲ್ಲ. "ಇವಳ ಕೈಗೆ ಕೊಟ್ರೆ ಬೀದಿಗೆ ಬೀದಿಯೇ ಆಸ್ಪತ್ರೆ ಸೇರುತ್ತೆ" ಎಂದು ಗೊಣಗಿದಳು.

ಮರುದಿನ ಡಬ್ಬ ಒರೆಸುತ್ತಿದ್ದ ಸೊಸೆ ಅತ್ತೆಯ ಉಬ್ಬಿದ ಎಡಗೆನ್ನೆಯನ್ನೇ ನೋಡಿದಳು.

"ಅತ್ತೆ, ಬಾಯಲ್ಲೇನು?"

"ಏನಿಲ್ಲ ಕಣೆ, ಒಂಚೂರು ಜೇಷ್ಠಮಧು."

"ಎಷ್ಟು ದಿನದಿಂದ?"

"ನಶ್ಯ ಬಿಟ್ಟಾಗಿಂದ. ಎರಡು ವರ್ಷ ಆಯ್ತೇನೋ. ಅದೇನು ಔಷಧಿನಾ? ಬರೀ ಅಭ್ಯಾಸ."

ಸೊಸೆ ಬಟ್ಟೆ ಕೆಳಗಿಟ್ಟಳು.

"ಬೀಪಿ ಇದೆಯಾ?"

"...ಇದೆ."

"ಮಾತ್ರೆ ತಗೋತೀರಾ?"

"ತಗೋತೀನಿ."

"ಬಸುರಿಯಾ?"

ಅಜ್ಜಿಗೆ ಸಿಟ್ಟೂ ನಗುವೂ ಒಟ್ಟಿಗೇ ಬಂದವು.

"ಹಾಗಾದ್ರೆ ನಿಮಗೆ ಕೊಡಲ್ಲ. ಉಗೀರಿ" ಎಂದು ಸೊಸೆ ಅಂಗೈ ಒಡ್ಡಿದಳು.

ವಿಷಯ ತಿಳಿದ ಡಾಕ್ಟರು ಹಣೆ ಚಚ್ಚಿಕೊಂಡರು. "ಬೀಪಿ ಏರಿಸಿದ್ದು ಅದೇ, ತಾಯಿ! ಮೊದಲೇ ಹೇಳ್ಬಾರ್ದಾ?" "ನೀವು ಕೇಳ್ಲೇ ಇಲ್ವಲ್ಲ, ಇವಳು ಕೇಳಿದ್ಲು" ಎಂದಳು ಅಜ್ಜಿ. ಹಾಗೆಂದ ಮೇಲೆ ಅವಳಿಗೇ ನಾಚಿಕೆಯಾಯಿತು. ಎಂಟು ವರ್ಷ ಪಕ್ಕದಲ್ಲಿದ್ದವಳನ್ನು ತಾನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ.

ಕೆಲವು ವಾರಗಳಲ್ಲಿ ಊತ ಇಳಿಯಿತು, ಬೀಪಿಯೂ ಇಳಿಯಿತು. ಡಾಕ್ಟರೇ ಮಾತ್ರೆ ಕಡಿಮೆ ಮಾಡಿ, ಅಂಗಡಿಗೆ ಹೋಗಬಹುದು ಎಂದರು. ಅಜ್ಜಿ ಹೋದಳು. ಆದರೆ ಸ್ಟೂಲನ್ನು ಸೊಸೆಯ ಕಡೆ ತಳ್ಳಿ, ತಾನು ಪೊಟ್ಟಣ ಕಟ್ಟಲು ನಿಂತಳು.

ಮೊದಲ ಗಿರಾಕಿ ಕೆಮ್ಮುತ್ತಾ ಬಂದ. ಅಜ್ಜಿ ಅಭ್ಯಾಸಬಲದಿಂದ ಬಾಯಿ ತೆರೆದಳು. ಅಷ್ಟರಲ್ಲಿ ಸೊಸೆ ಕೇಳಿಯಾಗಿತ್ತು: "ಬೀಪಿ ಇದೆಯಾ?"

ಅಜ್ಜಿ ಖಾಲಿ ಬಾಯಿ ಮುಚ್ಚಿಕೊಂಡು ಕಾಗದ ಮಡಚತೊಡಗಿದಳು.